ಯಾವ ರಾಗ ಎಂದು ಕೇಳುವ ಮೊದಲು: ಸಂಗೀತ, ಚಿಕಿತ್ಸೆ ಮತ್ತು ನಮ್ಮ ಭಜನೆ ಮನೆ



ಸಂಗೀತದಿಂದ ಆರೋಗ್ಯಕ್ಕೆ ನಿಜವಾಗಿ ಏನು ಉಪಯೋಗ ಎಂಬುದನ್ನು ಜನರಿಗೆ ಅರ್ಥವಾಗುವ ಹಾಗೆ ಹೇಳಬೇಕು ಎಂದು ನಂದಗುಡಿಯ ಈ ದತ್ತಿ ಉಪನ್ಯಾಸದ ದಾನಿಗಳು ಅಪೇಕ್ಷೆಪಟ್ಟಿದ್ದಾರೆ. ನಾನು ವೈದ್ಯ. ಸರ್ಕಾರಿ ಆಸ್ಪತ್ರೆಗಳಲ್ಲಿ, ಹೆಚ್ಚಾಗಿ ಹಳ್ಳಿಯವರನ್ನೇ ನೋಡುತ್ತ ಕೆಲಸ ಮಾಡಿದವನು. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಎದುರಾದ ಪ್ರಶ್ನೆ ಒಂದೇ: "ಡಾಕ್ಟ್ರೇ, ಬೀಪಿಗೆ ಯಾವ ರಾಗ ಕೇಳಿದ್ರೆ ಒಳ್ಳೇದು?" ಸಕ್ಕರೆ ಕಾಯಿಲೆಗೆ ಒಂದು, ನಿದ್ದೆ ಬಾರದವರಿಗೆ ಒಂದು, ಮಂಡಿ ನೋವಿಗೆ ಇನ್ನೊಂದು ಎಂದು ರಾಗಗಳ ಹೆಸರು ಬರೆದ ಪಟ್ಟಿ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇರುತ್ತದೆ. ಕೇಳಿದವರಿಗೆ ಸಂಗೀತದ ಮೇಲೆ ನಂಬಿಕೆ ಇದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಪ್ರಶ್ನೆಗೆ ಉತ್ತರವಿಲ್ಲ. ಸಂಗೀತ ಕಾಯಿಲೆಯವರಿಗೆ ನೆರವಾಗುವುದು ನಿಜ, ಅದಕ್ಕೆ ಗಟ್ಟಿ ಪುರಾವೆಗಳಿವೆ. ಆ ನೆರವು ಬರುವುದು ಯಾರ ಹಾಡು, ಯಾರ ಜೊತೆಯಲ್ಲಿ, ಎಷ್ಟು ದಿನ ಬಿಡದೆ ಎಂಬ ಮೂರು ಸಂಗತಿಗಳಿಂದ. ರಾಗದ ಹೆಸರಿನ ಪಾತ್ರ ಅದರಲ್ಲಿ ಬಹಳ ಸಣ್ಣದು. ಇದನ್ನೇ ಇವತ್ತು ವಿಸ್ತರಿಸಿ ಹೇಳಬೇಕೆಂದಿದ್ದೇನೆ. ನಂದಗುಡಿಯಂಥ ಊರಿಗೆ ಇದು ಯಾಕೆ ಮುಖ್ಯ ಎಂಬುದು ಕೊನೆಯ ಹೊತ್ತಿಗೆ ಸ್ಪಷ್ಟವಾಗುತ್ತದೆ ಎಂದುಕೊಂಡಿದ್ದೇನೆ.

ನಮ್ಮ ಹಿರಿಯರು ಇದನ್ನು ಅರಿತಿದ್ದರೇ ಎಂದು ಕೇಳಿದರೆ, ಅರಿತಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹದಿನೈದನೆಯ ಅಧ್ಯಾಯ ‘ಉಪಕಲ್ಪನೀಯ’. ದೊಡ್ಡ ಚಿಕಿತ್ಸೆ ಮಾಡುವ ಮೊದಲು ರೋಗಿಗೆಂದು ಎಂಥ ಮನೆ ಕಟ್ಟಬೇಕು, ಅಲ್ಲಿ ಏನೇನು ಸಾಮಾನು ಜೋಡಿಸಬೇಕು ಎಂಬುದನ್ನು ಅದು ವಿವರಿಸುತ್ತದೆ. ಗಾಳಿ, ನೀರು, ಅಡುಗೆಮನೆ, ಶೌಚದ ವ್ಯವಸ್ಥೆ, ನಂಬಿಕಸ್ಥ ಪರಿಚಾರಕರು ಎಂದೆಲ್ಲ ಹೇಳುತ್ತ, ಹಾಡು, ವಾದ್ಯ, ಶ್ಲೋಕ, ಕಥೆ, ಪುರಾಣಗಳಲ್ಲಿ ನುರಿತವರೂ ಅಲ್ಲಿರಬೇಕು ಎನ್ನುತ್ತದೆ. ಆ ಅಧ್ಯಾಯದಲ್ಲಿ ಹಾಡುವವರು ಔಷಧದ ಡಬ್ಬಿಯಲ್ಲಿಲ್ಲ, ರೋಗಿಯ ಸುತ್ತ ಇರುವ ಮನುಷ್ಯರ ಸಾಲಿನಲ್ಲಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ‘ಸಂಗೀತ ರತ್ನಾಕರ’ ಬರೆದ ಶಾರ್ಙ್ಗದೇವ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲೇ ಗರ್ಭದಲ್ಲಿ ದೇಹ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ವಿವರಿಸಿ, ಆಮೇಲೆ ನಾದಕ್ಕೆ ಬರುತ್ತಾನೆ. ಹೊಟ್ಟೆನೋವಿನಿಂದ ನರಳುತ್ತಿದ್ದ ಶಿಷ್ಯನಿಗಾಗಿ ಮುತ್ತುಸ್ವಾಮಿ ದೀಕ್ಷಿತರು ಅಠಾಣ ರಾಗದಲ್ಲಿ ಬೃಹಸ್ಪತಿಯ ಕೃತಿ ರಚಿಸಿದರು ಎಂಬ ಐತಿಹ್ಯವನ್ನು ಸಂಗೀತಗಾರರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಐತಿಹ್ಯವನ್ನು ಐತಿಹ್ಯವಾಗಿಯೇ ಇಟ್ಟುಕೊಂಡರೆ ಅದಕ್ಕೆ ಶೋಭೆ. ಅದನ್ನು ಔಷಧದ ಚೀಟಿ ಮಾಡಿಕೊಂಡು ಬೀಪಿ ಮಾತ್ರೆ ನಿಲ್ಲಿಸಿದರೆ ಮೆದುಳಿನ ರಕ್ತನಾಳ ಒಡೆಯಬಹುದು.

ಹಾಗಾದರೆ ರಾಗಕ್ಕೆ ಶಕ್ತಿಯೇ ಇಲ್ಲವೇ? ಮನಸ್ಸಿನ ಮೇಲೆ ಖಂಡಿತ ಇದೆ. 2015ರಲ್ಲಿ ನಮ್ಮ ದೇಶದ ಸಂಶೋಧಕರೇ ಒಂದು ಅಧ್ಯಯನ ಪ್ರಕಟಿಸಿದರು. ಹಿಂದೂಸ್ತಾನಿಯ 12 ರಾಗಗಳನ್ನು ಸರೋದಿನಲ್ಲಿ ನುಡಿಸಿ, ತಾಳವಿಲ್ಲದ ಆಲಾಪ ಮತ್ತು ತಾಳವಿರುವ ಗತ್‌ಗಳನ್ನು ಬೇರೆ ಬೇರೆಯಾಗಿ 122 ಜನರಿಗೆ ಕೇಳಿಸಿದರು. ಬೇರೆ ಬೇರೆ ರಾಗ ಬೇರೆ ಬೇರೆ ಭಾವವನ್ನೇ ಎಬ್ಬಿಸಿತು. ಕೋಮಲ ರಿಷಭ ಇದ್ದಲ್ಲಿ ಉದ್ವೇಗ ಹೆಚ್ಚಿತು. ತಾಳ ಸೇರಿದೊಡನೆ ಕೇಳುಗರು ಚುರುಕಾದರು. ಅಂದರೆ ರಾಗದಿಂದ ಭಾವಕ್ಕೆ ದಾರಿ ಇದೆ. ಆದರೆ ಈ ರಾಗ ಈ ರೋಗವನ್ನು ವಾಸಿ ಮಾಡುತ್ತದೆ ಎಂದು ಹೇಳಲು ಅಷ್ಟು ಸಾಲದು.

ಇನ್ನೊಂದು ಅಧ್ಯಯನ ನನಗೆ ಬಹಳ ಪ್ರಿಯವಾದದ್ದು. ಇಟಲಿಯ ಬರ್ನಾರ್ಡಿ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 2006ರಲ್ಲಿ ಹೃದ್ರೋಗದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದು. 24 ಜನರಿಗೆ, ಅವರಲ್ಲಿ ಅರ್ಧ ಸಂಗೀತಗಾರರು, ಆರು ಬಗೆಯ ಸಂಗೀತ ಕೇಳಿಸಿ ಉಸಿರು, ನಾಡಿ, ರಕ್ತದೊತ್ತಡ ಅಳೆದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ರ‍್ಯಾಪ್, ಟೆಕ್ನೋ ಜೊತೆಗೆ ನಮ್ಮ ರಾಗಸಂಗೀತವೂ ಅದರಲ್ಲಿತ್ತು. ಲಯ ಚುರುಕಾದರೆ ಉಸಿರು, ಒತ್ತಡ ಏರಿದವು, ನಿಧಾನವಾದರೆ ಇಳಿದವು. ಯಾವ ದೇಶದ ಸಂಗೀತ, ಕೇಳುವವರಿಗೆ ಅದು ಇಷ್ಟವೇ ಅಲ್ಲವೇ ಎಂಬುದು ಅಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿ ಎಂದರೆ ಸಂಗೀತದ ನಡುವೆ ಎರಡು ನಿಮಿಷ ಮೌನ ಬಿಟ್ಟಾಗ ಕಂಡದ್ದು: ಆ ಮೌನದಲ್ಲಿ ಒತ್ತಡ, ನಾಡಿ, ಉಸಿರು ಮೂರೂ ಆರಂಭದಲ್ಲಿದ್ದುದಕ್ಕಿಂತ ಕೆಳಗಿಳಿದವು. ಹಾಡು ನಿಂತ ಮೇಲಿನ ಮೌನವೂ ಹಾಡಿನ ಕೆಲಸವನ್ನೇ ಮಾಡುತ್ತದೆ ಎಂಬುದು ಭಜನೆಗೆ ಹೋಗುವ ನಿಮಗೆ ಹೊಸದಲ್ಲ. ಮಂಗಳ ಮುಗಿದು ತಾಳ ಕೆಳಗಿಟ್ಟ ಮೇಲೆ ಯಾರೂ ಏಳದೆ ಒಂದು ಗಳಿಗೆ ಹಾಗೆಯೇ ಕೂರುತ್ತೀರಲ್ಲ, ಅದೇ ಇದು.

ಈಗ ಆಸ್ಪತ್ರೆಯ ಒಳಗೆ ಬರೋಣ. ಆಪರೇಷನ್ ಆದವರಿಗೆ ಸಂಗೀತ ಕೇಳಿಸುವುದರ ಬಗ್ಗೆ ಸಾಕಷ್ಟು ಪರೀಕ್ಷೆಗಳು ನಡೆದಿವೆ. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅಂಥ 73 ಪ್ರಯೋಗಗಳನ್ನು, ಸುಮಾರು 7 ಸಾವಿರ ರೋಗಿಗಳ ವಿವರವನ್ನು ಒಟ್ಟಿಗಿಟ್ಟು ತೂಗಿದ ವರದಿಯನ್ನು ಪ್ರಕಟಿಸಿತು. ಸಂಗೀತ ಕೇಳಿದವರಿಗೆ ನೋವು ಕಡಿಮೆ, ಆತಂಕ ಕಡಿಮೆ, ನೋವಿನ ಔಷಧದ ಅಗತ್ಯವೂ ಕಡಿಮೆ. ಅರಿವಳಿಕೆಯಲ್ಲಿ ಮಲಗಿರುವಾಗ ಕೇಳಿಸಿದರೂ ಸ್ವಲ್ಪ ಫಲ ಸಿಕ್ಕಿತು. ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಮಾತ್ರ ಕಡಿಮೆಯಾಗಲಿಲ್ಲ, ಅದನ್ನೂ ವರದಿ ಮುಚ್ಚಿಡದೆ ಹೇಳಿತು. ಒಂದು ಇಯರ್‌ಫೋನಿನ ಖರ್ಚಿನಲ್ಲಿ ಇಷ್ಟು ಸಿಗುವುದಾದರೆ ನಮ್ಮ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ವಾರ್ಡುಗಳಲ್ಲಿ, ಆಪರೇಷನ್ ಕೋಣೆಗಳ ಹೊರಗೆ ಅದು ಯಾಕಿಲ್ಲ ಎಂದು ನಾವು ಕೇಳಲೇಬೇಕು.

ಹೆರಿಗೆ ಎಂದಾಗ ಜೋಗುಳದ ಮಾತು ಬಂತು. ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದನ್ನು ನೀವು ನೋಡಿದ್ದೀರಿ. ಅಮೆರಿಕದ 11 ಆಸ್ಪತ್ರೆಗಳಲ್ಲಿ ಅಂಥ 272 ಮಕ್ಕಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ತಾಯಿಯ ಎದೆಬಡಿತದಂಥ ಸದ್ದು, ಗರ್ಭದೊಳಗಿನ ಹರಿವಿನಂಥ ಸದ್ದು, ಮತ್ತು ಅಪ್ಪ ಅಮ್ಮ ತಾವೇ ಆರಿಸಿಕೊಂಡ ಒಂದು ಹಾಡನ್ನು ಜೋಗುಳದ ನಡೆಗೆ ಇಳಿಸಿ ಹಾಡಿದ್ದು: ಈ ಮೂರನ್ನು ಪ್ರಯೋಗಿಸಿದರು. ಮಕ್ಕಳ ನಾಡಿ, ನಿದ್ದೆ, ಹಾಲು ಚೀಪುವ ಬಗೆ ಸುಧಾರಿಸಿದವು. ಹೆತ್ತವರ ಆತಂಕವೂ ಇಳಿಯಿತು. ಅಲ್ಲಿ ಆರಿಸಿದ ಹಾಡು ಆ ಮನೆಯದೇ ಆಗಿರಬೇಕಿತ್ತು, ಯಾರೋ ತಜ್ಞರು ಬರೆದುಕೊಟ್ಟದ್ದಲ್ಲ. ತಾಯಂದಿರ ವಿಷಯದಲ್ಲೂ ಹಾಗೆಯೇ. ಹೆರಿಗೆಯ ನಂತರ ಕೆಲವು ಹೆಣ್ಣುಮಕ್ಕಳಿಗೆ ಖಿನ್ನತೆ ಬರುತ್ತದೆ. ಮಗುವಿನ ಮೇಲೆ ಮನಸ್ಸಿಲ್ಲ, ಕಾರಣವಿಲ್ಲದ ಅಳು, ನಿದ್ದೆಯಿಲ್ಲ. ನಮ್ಮಲ್ಲಿ ಅದನ್ನು ಬಾಣಂತಿ ಸನ್ನಿ ಎಂದೋ, ಗಾಳಿ ಎಂದೋ, ಹೆಚ್ಚಾಗಿ ಸೊಸೆಯ ಸೋಮಾರಿತನ ಎಂದೋ ಕರೆದು ಮುಗಿಸುತ್ತೇವೆ. ಇಂಗ್ಲೆಂಡಿನಲ್ಲಿ ಇಂಥ ಲಕ್ಷಣವಿದ್ದ 134 ತಾಯಂದಿರ ಅಧ್ಯಯನ 2018ರಲ್ಲಿ ಬಂತು. ಮಗುವಿನೊಂದಿಗೆ ಬಂದು ಹತ್ತು ವಾರ ಗುಂಪಿನಲ್ಲಿ ಹಾಡಿದವರಲ್ಲಿ, ಖಿನ್ನತೆ ತೀವ್ರವಾಗಿದ್ದವರು ಉಳಿದವರಿಗಿಂತ ಬೇಗ ಚೇತರಿಸಿಕೊಂಡರು. ನಮ್ಮ ತೊಟ್ಟಿಲ ಶಾಸ್ತ್ರದಲ್ಲಿ ಕೇರಿಯ ಹೆಂಗಸರೆಲ್ಲ ಸೇರಿ ಹಾಡುವುದು ಒಂದು ದಿನಕ್ಕೆ ಮುಗಿಯುತ್ತದೆ. ಅದನ್ನು ಹತ್ತು ವಾರಕ್ಕೆ ಹಿಗ್ಗಿಸಲು ಯಾವ ಸರ್ಕಾರಿ ಆದೇಶವೂ ಬೇಕಿಲ್ಲ. ಅಂಗನವಾಡಿಯ ಒಂದು ಮೂಲೆ, ವಾರಕ್ಕೊಂದು ಮಧ್ಯಾಹ್ನ ಸಾಕು.

ಲಕ್ವದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ನಮ್ಮ ಕಡೆ ಅದು ಹೆಚ್ಚು. ಮೊದಲು ಸಂಗೀತಕ್ಕೆ ಸಂಬಂಧಪಡದ ಒಂದು ಮಾತು, ದಯವಿಟ್ಟು ನೆನಪಿಡಿ. ಮುಖ ಸೊಟ್ಟಗಾಗಿ, ಕೈ ಬಿದ್ದು, ಮಾತು ತೊದಲಿದರೆ ನಾಟಿ ಔಷಧಿಗೆಂದು ಹೊತ್ತುಕೊಂಡು ಹೋಗಬೇಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಸಂಗೀತದ ಕೆಲಸ ಅದೆಲ್ಲ ಆದ ಮೇಲೆ.

ಆ ಮೇಲಿನ ಕೆಲಸ ಎಂಥದು? ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಲಕ್ವ ಹೊಡೆದ 60 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಎರಡು ತಿಂಗಳು ದಿನಕ್ಕೆ ಕಡಿಮೆಯೆಂದರೂ ಒಂದು ಗಂಟೆ ತಮಗಿಷ್ಟವಾದ ಹಾಡು ಕೇಳಿತು, ಇನ್ನೊಂದು ಪುಸ್ತಕದ ಓದನ್ನು ಕೇಳಿತು, ಮೂರನೆಯದಕ್ಕೆ ಎರಡೂ ಇರಲಿಲ್ಲ. ಮಾಮೂಲಿ ಚಿಕಿತ್ಸೆ ಎಲ್ಲರಿಗೂ ಸಮನಾಗಿತ್ತು. 2008ರಲ್ಲಿ ಬಂದ ಫಲಿತಾಂಶದಂತೆ, ಮೂರು ತಿಂಗಳ ಹೊತ್ತಿಗೆ ಕೇಳಿದ ಮಾತನ್ನು ನೆನಪಿಟ್ಟುಕೊಳ್ಳುವ ಶಕ್ತಿ ಹಾಡು ಕೇಳಿದವರಲ್ಲಿ ಶೇ 60ರಷ್ಟು ಸುಧಾರಿಸಿತ್ತು. ಪುಸ್ತಕ ಕೇಳಿದವರಲ್ಲಿ ಅದು ಶೇ 18, ಏನೂ ಕೇಳದವರಲ್ಲಿ ಶೇ 29. ಹಾಡು ಕೇಳಿದವರಲ್ಲಿ ಮಂಕುತನವೂ ಕಡಿಮೆಯಿತ್ತು.

ಇನ್ನು ಮಾತು ಬಿದ್ದುಹೋದವರು. ಮಾತಿನ ಕೇಂದ್ರ ಹೆಚ್ಚಿನವರಲ್ಲಿ ಮೆದುಳಿನ ಎಡಭಾಗದಲ್ಲಿದೆ. ಅಲ್ಲಿ ಪೆಟ್ಟಾದರೆ ಹೇಳಬೇಕೆಂದದ್ದು ಒಳಗೆ ಗೊತ್ತಿದ್ದೂ ನಾಲಿಗೆಗೆ ಬರುವುದಿಲ್ಲ. ಆದರೆ ಅಂಥವರಲ್ಲಿ ಕೆಲವರು, "ನೀರು" ಎನ್ನಲಾಗದವರು, ಚಿಕ್ಕಂದಿನಲ್ಲಿ ಕಲಿತ ಹಾಡನ್ನು ಪದಸಮೇತ ಹಾಡಿಬಿಡುತ್ತಾರೆ. ಹಾಡುವುದಕ್ಕೆ ಮೆದುಳಿನ ಬಲಭಾಗವೂ ಕೈಜೋಡಿಸುವುದೇ ಇದಕ್ಕೆ ಕಾರಣ ಎಂದು ತಿಳಿಯಲಾಗಿದೆ. 1973ರಲ್ಲಿ ಬಾಸ್ಟನ್ನಿನ ವೈದ್ಯರು ಇದನ್ನೇ ಹಿಡಿದು ಒಂದು ಕ್ರಮ ರೂಪಿಸಿದರು. ಅದು ಹೀಗೆ ನಡೆಯುತ್ತದೆ. ತರಬೇತಿ ಪಡೆದವರು ರೋಗಿಯ ಎದುರು ಕುರ್ಚಿ ಎಳೆದುಕೊಂಡು ಕೂತು ಅವರ ಎಡಗೈ ಹಿಡಿಯುತ್ತಾರೆ. ಒಂದು ಚಿಕ್ಕ ವಾಕ್ಯ ತೆಗೆದುಕೊಳ್ಳುತ್ತಾರೆ, "ನೀರು ಬೇಕು" ಎಂದುಕೊಳ್ಳಿ. ಮೊದಲು ಪದವಿಲ್ಲದೆ ಬರೀ ಗುನುಗು: ಒಂದು ಸ್ವರ ಮೇಲೆ, ಒಂದು ಕೆಳಗೆ. ಒಂದೊಂದು ಅಕ್ಷರಕ್ಕೂ ಎಡಗೈಯನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟಿಸುತ್ತಾರೆ. ಆಮೇಲೆ ಅದೇ ಗುನುಗಿಗೆ "ನೀ-ರು-ಬೇ-ಕು" ಎಂದು ಪದ ಕೂಡಿಸುತ್ತಾರೆ, ಇಬ್ಬರೂ ಒಟ್ಟಿಗೆ. ನಾಲ್ಕಾರು ಸಲ ಆದ ಮೇಲೆ ತರಬೇತುದಾರರು ಅರ್ಧದಲ್ಲಿ ದನಿ ಇಳಿಸುತ್ತಾರೆ, ರೋಗಿ ಒಬ್ಬರೇ ಮುಗಿಸಬೇಕು. ಮುಂದೆ "ಏನು ಬೇಕು?" ಎಂದು ಕೇಳುತ್ತಾರೆ. ಉತ್ತರ ಹಾಡಾಗಿ ಬರುತ್ತದೆ. ವಾರಗಟ್ಟಲೆ ಇದನ್ನೇ ಮಾಡಿ, ಕಡೆಗೆ ರಾಗವನ್ನು ಸ್ವಲ್ಪ ಸ್ವಲ್ಪವೇ ಕಳಚಿ ಮಾತಿನ ಧಾಟಿಗೆ ತರುತ್ತಾರೆ. ಎಲ್ಲರಿಗೂ ಇದು ಫಲಿಸುವುದಿಲ್ಲ, ಫಲಿಸಿದವರಿಗೂ ಮಾತು ಮೊದಲಿನಷ್ಟು ಬರುವುದಿಲ್ಲ. ಆದರೆ ಮನೆಯವರ ಮುಂದೆ ಬಾಯಿ ಬಿಡಲಾಗದೆ ಕಣ್ಣೀರು ಹಾಕುವ ಮನುಷ್ಯನಿಗೆ ನೀರು ಬೇಕು, ಊಟ ಸಾಕು, ಕಾಲು ನೋಯುತ್ತಿದೆ ಎಂದು ಹೇಳಲಾಗುವುದು ಸಣ್ಣ ಸಂಗತಿಯಲ್ಲ.

ನಡಿಗೆಯ ವಿಷಯಕ್ಕೆ ತಾಳ. ಪಾರ್ಕಿನ್ಸನ್ ಕಾಯಿಲೆಯವರು ಹೊಸ್ತಿಲ ಹತ್ತಿರ ಬಂದು ಕಾಲು ಕಚ್ಚಿಕೊಂಡಂತೆ ನಿಂತುಬಿಡುತ್ತಾರೆ. ಹೆಜ್ಜೆಯ ಲಯವನ್ನು ನಡೆಸುವ ಮೆದುಳಿನ ಆಳದ ಭಾಗ ಸೊರಗಿರುತ್ತದೆ. ಹೊರಗಿನಿಂದ ಒಂದು ತಾಳ ಕೇಳಿದರೆ ಕಿವಿಯ ದಾರಿಯಲ್ಲಿ ಆ ಲಯ ಕಾಲಿಗೆ ಸಿಗುತ್ತದೆ. ಅಮೆರಿಕದಲ್ಲಿ ಮೈಕೆಲ್ ಥಾಟ್ ಎಂಬುವರ ತಂಡ 1996ರಲ್ಲಿ ತೋರಿಸಿದ್ದು ಇದನ್ನೇ: ಮೂರು ವಾರ, ದಿನಕ್ಕೆ ಅರ್ಧ ಗಂಟೆ ತಾಳಕ್ಕೆ ಹೆಜ್ಜೆ ಹಾಕಿದವರ ನಡಿಗೆಯ ವೇಗ ಶೇ 25ರಷ್ಟು ಹೆಚ್ಚಿತು. ತಾಳದ ವಿಷಯ ಬಂದಾಗ ನಮ್ಮ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದರಾದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರನ್ನು ನೆನೆಯದಿರಲಾರೆ. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಲಯವನ್ನು ತಲೆಮಾರುಗಳಿಂದ ಕಾಪಾಡಿದ ಕೈಗಳನ್ನು ಎಷ್ಟೋ ಊರುಗಳಲ್ಲಿ ಗುಡಿಯ ಹೊರಗೇ ನಿಲ್ಲಿಸಿದ್ದೇವೆ. ಸಂಗೀತದಿಂದ ಊರಿನ ಆರೋಗ್ಯ ಸುಧಾರಿಸಬೇಕೆಂದು ಮಾತಾಡುವವರು ಮೊದಲು ಆ ಬಾಗಿಲು ತೆಗೆಯಬೇಕು.

ಎಲ್ಲ ಕಡೆಯೂ ಸಂಗೀತ ಗೆದ್ದಿಲ್ಲ. ಅದನ್ನೂ ಹೇಳುವುದು ನನ್ನ ಕರ್ತವ್ಯ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು: 36 ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಜಾರ್ಟ್ ಕೇಳಿ ಒಂದು ಬಗೆಯ ಬುದ್ಧಿ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆ ಪರಿಣಾಮ ಕಾಲು ಗಂಟೆಯೊಳಗೆ ಮಾಯವಾಯಿತು. ಅಷ್ಟಕ್ಕೇ ಜಗತ್ತೆಲ್ಲ ಶಿಶುಗಳಿಗೆ ಮೊಜಾರ್ಟ್ ಕೇಳಿಸಲು ಹೊರಟಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರು ಹುಟ್ಟಿದ ಪ್ರತಿ ಮಗುವಿಗೂ ಧ್ವನಿಮುದ್ರಿಕೆ ಕೊಡಲು ಹಣ ಕೇಳಿದರು. ಮಗು ಬುದ್ಧಿವಂತವಾಗುತ್ತದೆ ಎಂಬುದಕ್ಕೆ ಆ ವರದಿಯಲ್ಲಿ ಯಾವ ಆಧಾರವೂ ಇರಲಿಲ್ಲ. ಆಟಿಸಂ ಇರುವ 364 ಮಕ್ಕಳ ಮೇಲೆ ಒಂಬತ್ತು ದೇಶಗಳಲ್ಲಿ ಐದು ತಿಂಗಳ ಸಂಗೀತ ಚಿಕಿತ್ಸೆಯನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಇತರರೊಡನೆ ಬೆರೆಯುವ ತೊಂದರೆಯ ತೀವ್ರತೆ ಕಡಿಮೆಯಾದದ್ದು ಕಾಣಲಿಲ್ಲ. ಆಮೇಲೆ 2022ರಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ತೂಗಿದಾಗ ಒಟ್ಟಾರೆ ಸುಧಾರಣೆಯ ಸಂಭವ ಹೆಚ್ಚು ಎಂದು ತೋರಿತು. ಆಟಿಸಂ ಇರುವ ಮಗುವಿನ ತಾಯಿಗೆ ನಾನು ಹೇಳುವುದಿಷ್ಟು: ಮಗು ಹಾಡಿಗೆ ಒಲಿದರೆ ಹಾಡಿಸಿ, ಸಂತೋಷಪಡಲಿ, ಆದರೆ ವಾಸಿ ಮಾಡಿಕೊಡುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳುವವರಿಂದ ದೂರವಿರಿ. ಖಿನ್ನತೆಗೆ ಮಾಮೂಲಿ ಚಿಕಿತ್ಸೆಯ ಜೊತೆ ಸಂಗೀತ ಚಿಕಿತ್ಸೆ ಸೇರಿಸಿದರೆ ಸ್ವಲ್ಪ ಕಾಲಕ್ಕಾದರೂ ಒಳ್ಳೆಯದೆಂದು 2017ರ ಒಂದು ಸಮೀಕ್ಷೆ ಹೇಳಿತು. ‘ಜೊತೆ’ ಎಂಬುದನ್ನು ಗಮನಿಸಿ, ಮಾತ್ರೆಯ ಬದಲು ಎಂದು ಅದು ಹೇಳಿಲ್ಲ.

ಮೊಬೈಲಿನಲ್ಲಿ ಹಾಡು ಕೇಳುವುದು ಸಂಗೀತ ಚಿಕಿತ್ಸೆಯಲ್ಲ. ಅದು ಒಳ್ಳೆಯ ಅಭ್ಯಾಸ, ಅಷ್ಟೆ. ಚಿಕಿತ್ಸೆ ಎನ್ನಬೇಕಾದರೆ ರೋಗಿಯನ್ನು ಪರೀಕ್ಷಿಸಿ, ಗುರಿ ಇಟ್ಟುಕೊಂಡು, ಹಾಡಿಸಿ, ನುಡಿಸಿ, ಫಲ ಬಂತೇ ಎಂದು ಅಳೆಯುವ ತರಬೇತಿ ಪಡೆದ ಒಬ್ಬ ಮನುಷ್ಯ ಬೇಕು. ಮಹಾಯುದ್ಧಗಳಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೆ ಸಂಗೀತಗಾರರು ಹೋಗಿ ಹಾಡುತ್ತಿದ್ದುದರಿಂದಲೇ ಅಮೆರಿಕದಲ್ಲಿ ಈ ವೃತ್ತಿ ಬೆಳೆಯಿತು. 1944ರಲ್ಲಿ ಮಿಷಿಗನ್ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಇದಕ್ಕೆಂದೇ ಪದವಿ ಶುರುವಾಯಿತು, 1950ರಲ್ಲಿ ವೃತ್ತಿನಿರತರ ರಾಷ್ಟ್ರೀಯ ಸಂಘ ಹುಟ್ಟಿತು. ನಮ್ಮ ಹೆಮ್ಮೆಯೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮೆದುಳಿನ ಸಂಬಂಧವನ್ನು ಅಭ್ಯಾಸ ಮಾಡುವ ಪ್ರಯೋಗಾಲಯವೇ ಇದೆ. ಅದನ್ನು ಕಟ್ಟಿದ ಡಾ. ಶಾಂತಲಾ ಹೆಗ್ಡೆ ಮನೋವಿಜ್ಞಾನಿಯೂ ಹೌದು, ಹಿಂದೂಸ್ತಾನಿ ಗಾಯಕಿಯೂ ಹೌದು. ತಲೆಗೆ ಪೆಟ್ಟು ಬಿದ್ದವರ ಗಮನಶಕ್ತಿ, ನೆನಪು ಮರಳಿಸಲು ಸಂಗೀತವನ್ನು ಹೇಗೆ ಬಳಸಬಹುದೆಂದು ಅವರು ಸಂಶೋಧನೆ ನಡೆಸಿದ್ದಾರೆ. ನಮ್ಮ ರಸ್ತೆಗಳಲ್ಲಿ ಹೆಲ್ಮೆಟ್ ಇಲ್ಲದೆ ಬಿದ್ದ ಎಷ್ಟೋ ಹುಡುಗರ ಮನೆಗಳಿಗೆ ಇದು ಬೇಕಾದ ವಿದ್ಯೆ.

ಹಾಗೆಂದು ತಜ್ಞರು ಇಲ್ಲಿಯವರೆಗೆ ಬರುವ ತನಕ ಕೈಕಟ್ಟಿ ಕೂರಬೇಕೆ? ಕೂರಬೇಕಿಲ್ಲ. ನಮ್ಮ ಹತ್ತಿರ ಏನಿದೆ ನೋಡಿಕೊಳ್ಳೋಣ. ಇಲ್ಲಿಂದ ಉತ್ತರಕ್ಕೆ ಚಿಂತಾಮಣಿ ತಾಲ್ಲೂಕಿನ ಕೈವಾರ. ಬಳೆ ಮಾರುತ್ತ ಊರೂರು ತಿರುಗಿ, ಕನ್ನಡ ತೆಲುಗು ಎರಡರಲ್ಲೂ ತತ್ವಪದ ಹಾಡಿದ ನಾರೇಯಣ ಯತೀಂದ್ರರು ನಮಗೆಲ್ಲ ಕೈವಾರ ತಾತಯ್ಯ. ಗುರುಪೂರ್ಣಿಮೆಗೆ ಅಲ್ಲಿ 72 ಗಂಟೆ ಬಿಡದೆ ಸಂಗೀತೋತ್ಸವ ನಡೆಯುತ್ತದೆ. ತಾತಯ್ಯನವರ ಪದ ಬಾಯಿಪಾಠ ಇರುವವರು ಈ ಸಭೆಯಲ್ಲೇ ಎಷ್ಟು ಜನ ಇದ್ದೀರೋ! ಹಳ್ಳಿಗೊಂದು ರಾಮಮಂದಿರ ಅಥವಾ ಭಜನೆ ಮನೆ ಇದೆ. ಹಾರ್ಮೋನಿಯಂ, ತಬಲ, ತಾಳ ಅಲ್ಲೇ ಗೋಡೆಯ ಗೂಡಿನಲ್ಲಿರುತ್ತವೆ.

ಚೆಕ್ಕ ಭಜನೆಯನ್ನು ವೈದ್ಯನ ಕಣ್ಣಿನಿಂದ ಒಮ್ಮೆ ನೋಡಿ. ಹತ್ತು ಹನ್ನೆರಡು ಜನ ಸುತ್ತುಗಟ್ಟಿ ನಿಂತಿರುತ್ತಾರೆ, ಕೈಯಲ್ಲಿ ಬಿಲ್ಲೆ ಕಟ್ಟಿದ ಮರದ ಚೆಕ್ಕೆ. ಮುಂದಾಳು ಒಂದು ಸಾಲು ಎತ್ತುತ್ತಾನೆ, ಉಳಿದವರು ಅದನ್ನೇ ಹಿಂತಿರುಗಿಸುತ್ತಾರೆ. ಸಾಲು ಮುಗಿಯುವವರೆಗೆ ಉಸಿರು ಎಳೆದುಕೊಳ್ಳುವಂತಿಲ್ಲ. ಹೀಗಾಗಿ ಹೊರಬಿಡುವ ಉಸಿರು ತಾನಾಗಿ ಉದ್ದವಾಗುತ್ತದೆ. 2001ರಲ್ಲಿ ಅದೇ ಬರ್ನಾರ್ಡಿಯವರ ತಂಡ ಜಪಮಾಲೆಯ ಪ್ರಾರ್ಥನೆ ಮತ್ತು ಮಂತ್ರ ಹೇಳುವವರನ್ನು ಅಳೆದಾಗ ಉಸಿರು ನಿಮಿಷಕ್ಕೆ ಆರರ ಹತ್ತಿರಕ್ಕೆ ಇಳಿದದ್ದು, ಹೃದಯದ ಲಯ ಅದಕ್ಕೆ ಹೊಂದಿಕೊಂಡದ್ದು ಕಂಡಿತ್ತು. ನಿಧಾನದ ಪದಗಳಲ್ಲಿ ನಮ್ಮವರೂ ಆ ದಾರಿಯಲ್ಲೇ ಇರುತ್ತಾರೆ. ಹೆಜ್ಜೆ ಮುಂದೆರಡು, ಹಿಂದೊಂದು, ತಿರುವು. ಪಕ್ಕದವನ ಕಾಲಿನ ಮೇಲೆ ಕಣ್ಣಿಡದಿದ್ದರೆ ಸುತ್ತು ಕೆಡುತ್ತದೆ. ಅರವತ್ತು ದಾಟಿದವರಿಗೆ ಸಮತೋಲದ ವ್ಯಾಯಾಮ ಎಂದು ಆಸ್ಪತ್ರೆಯಲ್ಲಿ ಹೇಳಿಕೊಡುವುದು ಇದನ್ನೇ, ಇಲ್ಲಿ ಅದು ಯಾರ ಒತ್ತಾಯವೂ ಇಲ್ಲದೆ ನಡೆಯುತ್ತದೆ. ಸಾವಿನ ಮನೆಯಲ್ಲಿ ರಾತ್ರಿಯಿಡೀ ಕೂತು ಹಾಡುವುದೂ ನಮ್ಮ ಪದ್ಧತಿ. ಅಂದು ಆ ಮನೆಯವರನ್ನು ಒಂಟಿಯಾಗಿ ಬಿಡದಿರುವುದೇ ದೊಡ್ಡ ಶುಶ್ರೂಷೆ.

ಇಂಗ್ಲೆಂಡಿನಲ್ಲಿ ಅರವತ್ತು ದಾಟಿದ 258 ಜನರ ಮೇಲೆ ನಡೆದ ಅಧ್ಯಯನ 2015ರಲ್ಲಿ ಬಂತು. 14 ವಾರ, ವಾರಕ್ಕೊಮ್ಮೆ ಕೂಡಿ ಹಾಡಿದವರ ಮಾನಸಿಕ ಸ್ಥಿತಿ ಹಾಡದವರಿಗಿಂತ ಉತ್ತಮವಾಗಿತ್ತು, ಆರು ತಿಂಗಳ ಹೊತ್ತಿಗೂ ಆ ವ್ಯತ್ಯಾಸ ಉಳಿದಿತ್ತು. ಅದಕ್ಕಾಗಿ ಅವರು ಹೊಸದಾಗಿ ಗುಂಪು ಕಟ್ಟಬೇಕಾಯಿತು. ನಮ್ಮಲ್ಲಿ ಗುಂಪು ಈಗಾಗಲೇ ಇದೆ, ಆದರೆ ಅದಕ್ಕೆ ಮುಪ್ಪಾಗುತ್ತಿದೆ. ಹುಡುಗರು ಕಂಪನಿ ಬಸ್ಸು ಹತ್ತಿ ಹೋಗಿ ರಾತ್ರಿ ಪಾಳಿ ಮುಗಿಸಿ ಬರುತ್ತಾರೆ. ಭಜನೆ ಮನೆ ಶನಿವಾರಕ್ಕೋ ಧನುರ್ಮಾಸಕ್ಕೋ ಸೀಮಿತವಾಗಿದೆ. ಹೆಂಗಸರ ಹಾಡು ಇನ್ನೂ ಬೇಗ ಹೋಯಿತು. ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದ್ದಕ್ಕೆ ನಾನು ದುಃಖಿಸುವುದಿಲ್ಲ, ಆ ಕಲ್ಲು ಹೆಣ್ಣುಮಕ್ಕಳ ರಟ್ಟೆ ಮುರಿಯುತ್ತಿತ್ತು. ಆದರೆ ಎದುರುಬದುರು ಕೂತು ತವರಿನ ಸುಖದುಃಖವನ್ನು ಹಾಡಿನಲ್ಲಿ ಹೇಳಿಕೊಳ್ಳುತ್ತಿದ್ದ ಆ ಹೊತ್ತಿಗೆ ಬದಲು ಏನನ್ನೂ ನಾವು ಕೊಟ್ಟಿಲ್ಲ.

ಹಬ್ಬದ ಡಿ.ಜೆ. ಬಗ್ಗೆ ಒಂದು ಮಾತು. ಆಸ್ಪತ್ರೆ, ಶಾಲೆಗಳ ಸುತ್ತ 100 ಮೀಟರು ನಿಶ್ಶಬ್ದ ವಲಯ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಎಂಬ ನಿಯಮ 2000ದಿಂದಲೂ ಇದೆ. ಎದೆ ನಡುಗಿಸುವ ಆ ಸದ್ದಿನಲ್ಲಿ ಒಮ್ಮೆ ಸತ್ತ ಕಿವಿಯ ನರಕೋಶ ಮತ್ತೆ ಹುಟ್ಟುವುದಿಲ್ಲ. ಭಜನೆಗೂ ಮೈಕು ಬೇಕಾಗಿಲ್ಲ. ಕೂತವರಿಗೆ ಕೇಳಿಸಿದರೆ ಸಾಕು.

ಇನ್ನು ನಾನು ಕೇಳಿಕೊಳ್ಳುವುದು ಕೆಲವೇ. ನಿಮ್ಮ ಮನೆಯ ಅಜ್ಜಿ ತಾತಂದಿರ ಹತ್ತಿರ ಕೂತು ಅವರಿಗೆ ಯಾವ ಹಾಡು ಪ್ರಿಯ ಎಂದು ಈಗಲೇ ಕೇಳಿ, ಅವರ ದನಿಯಲ್ಲೇ ಮೊಬೈಲಿನಲ್ಲಿ ಹಿಡಿದಿಡಿ. ಮರೆವಿನ ಕಾಯಿಲೆಯಲ್ಲಿ ಮಕ್ಕಳ ಹೆಸರು ಹೋದ ಮೇಲೂ ಹಳೆಯ ಹಾಡು ಎಷ್ಟೋ ಕಾಲ ಉಳಿಯುತ್ತದೆ. ಅಂದು ಅವರನ್ನು ಸಮಾಧಾನಪಡಿಸಲು ಬೇಕಾಗುವುದು ಆ ಹಾಡೇ. ಅದು ಸಿನಿಮಾ ಹಾಡಾದರೂ ಸರಿ, ಸೋಬಾನೆಯಾದರೂ ಸರಿ. ಆಸ್ಪತ್ರೆಗೆ ಸೇರಿಸುವಾಗ ಇಯರ್‌ಫೋನು ಜೊತೆಗಿಡಿ, ಹಾಕಬಹುದೇ ಎಂದು ಡಾಕ್ಟರನ್ನು ಕೇಳಿ. ಭಜನೆ ಮನೆಯನ್ನು ವಾರಕ್ಕೆ ಒಂದು ಸಂಜೆ ಹೆಂಗಸರಿಗೆ, ಎಲ್ಲ ಕೇರಿಯವರಿಗೆ, ಲಕ್ವ ಹೊಡೆದು ಮನೆಯಲ್ಲೇ ಕೂತವರಿಗೆ ತೆರೆಯಿರಿ. ಕೋಲು ಊರಿಕೊಂಡು ಬರುವವರಿಗೆ ಮೆಟ್ಟಿಲ ಪಕ್ಕ ಒಂದು ಇಳಿಜಾರು ಕಟ್ಟಿಸಿ. ಯಾರೂ ಮಾತ್ರೆ ಬಿಡಬೇಡಿ. ಹಾಡಿಗೂ ಇಳಿಯದ ದುಃಖ, ಬದುಕು ಸಾಕೆನಿಸುವ ಯೋಚನೆ ಯಾರಿಗಾದರೂ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಆ ಸಂಖ್ಯೆಯನ್ನು ಭಜನೆ ಮನೆಯ ಗೋಡೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ದೊಡ್ಡಕ್ಷರದಲ್ಲಿ ಬರೆಸಬೇಕೆಂದು ಈ ಸಭೆಯಲ್ಲಿರುವ ಗ್ರಾಮ ಪಂಚಾಯಿತಿ ಸದಸ್ಯರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.